ಕೈ ಹೊಲಿಗೆ, ಯಂತ್ರದ ಹೊಲಿಗೆ: ಪಾದರಕ್ಷೆಯ ಒಳಗೇನಿದೆ?

ಅಂಗಡಿಯಲ್ಲಿ ನಿಮ್ಮ ಮುಂದೆ ಎರಡು ಜೊತೆ ಪಾದರಕ್ಷೆಗಳಿವೆ ಎಂದುಕೊಳ್ಳಿ. ಎರಡೂ ಹೊಳೆಯುತ್ತಿವೆ, ಎರಡರ ಅಳತೆಯೂ ಒಂದೇ. ಆದರೆ ಒಂದರ ಬೆಲೆ ಇನ್ನೊಂದರ ಹಲವು ಪಟ್ಟು. ಏಕೆ? ಮುಖ್ಯ ಕಾರಣ ಮೇಲಿನ ಹೊಳಪಿನಲ್ಲಿಲ್ಲ; ಅಟ್ಟೆಯನ್ನು ಮೇಲ್ಭಾಗಕ್ಕೆ ಹೇಗೆ ಕೂಡಿಸಿದ್ದಾರೆ ಎಂಬುದರಲ್ಲಿದೆ. ದೂರದರ್ಶನದ ಪರದೆಯ ಮೇಲೆ ಕುಶಲಕರ್ಮಿಯ ಕೈಚಳಕ ಕಾಣುತ್ತದೆ, ಅಟ್ಟೆಯ ಒಳಗಿನ ರಚನೆ ಕಾಣುವುದಿಲ್ಲ. ಅದನ್ನು ಇಲ್ಲಿ ಬಿಡಿಸಿ ನೋಡೋಣ.

ನಮ್ಮ ನಾಡಿನ ಕೈಕೆಲಸ

ಕೊಲ್ಹಾಪುರಿ ಚಪ್ಪಲಿಯ ಹೆಸರು ನೀವು ಕೇಳಿರುತ್ತೀರಿ. ಹೆಸರು ಮಹಾರಾಷ್ಟ್ರದ ಊರಿನದಾದರೂ ತಯಾರಿಕೆಯ ದೊಡ್ಡ ನೆಲೆಗಳು ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಮದಭಾವಿಗಳಲ್ಲೂ ಇವೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು.

ಇದರ ತಯಾರಿಕೆ ಚರ್ಮ ಹದ ಮಾಡುವುದರಿಂದಲೇ ಆರಂಭವಾಗುತ್ತದೆ. ಜಾಲಿ ಮರದ ತೊಗಟೆ, ಅಳಲೆಕಾಯಿಗಳ ಒಗರು ರಸದಲ್ಲಿ ಚರ್ಮವನ್ನು ಹಲವು ದಿನ ನೆನೆಸುತ್ತಾರೆ. ಈ ಒಗರಿನ ಅಂಶವೇ ಟ್ಯಾನಿನ್. ಅದು ಚರ್ಮದ ನಾರುಗಳಿಗೆ ಅಂಟಿಕೊಂಡು ಕೊಳೆಯದಂತೆ ಕಾಪಾಡುತ್ತದೆ. ಮೈಸೂರು ಸೀಮೆಯಲ್ಲಿ ತಂಗಡಿ ಗಿಡದ ತೊಗಟೆಯೂ ಇದೇ ಕೆಲಸಕ್ಕೆ ಒದಗುತ್ತಿತ್ತು. ಆ ಮೇಲೆ ದಪ್ಪ ಎಮ್ಮೆ ಚರ್ಮವನ್ನು ಅಟ್ಟೆಗೆ ಕತ್ತರಿಸಿ, ಪದರಗಳನ್ನು ಒಂದರ ಮೇಲೊಂದು ಇಟ್ಟು ಕೈಯಿಂದಲೇ ಹೊಲಿಯುತ್ತಾರೆ. ಸಾಂಪ್ರದಾಯಿಕ ಜೋಡಿನಲ್ಲಿ ಮೊಳೆ ಇರುವುದಿಲ್ಲ. ಮೇಲಿನ ನವಿರಾದ ಹೆಣಿಗೆ ಆಡಿನ ತೆಳು ಚರ್ಮದ್ದು. ಅಟ್ಟೆ ಕತ್ತರಿಸುವ ಕೆಲಸ ಹೆಚ್ಚಾಗಿ ಗಂಡಸರದು. ಹೆಣಿಗೆ ಮತ್ತು ಹೊಲಿಗೆಯ ಸೂಕ್ಷ್ಮ ಕೆಲಸ ಬಹುಪಾಲು ಹೆಣ್ಣುಮಕ್ಕಳದು.

ಬೂಟಿನ ಹೊಲಿಗೆ

ಇನ್ನು ಬೂಟಿನ ವಿಷಯ. ಪಾದದ ಆಕಾರದ ಮರದ ಅಚ್ಚಿನ ಮೇಲೆ ಮೇಲ್ಚರ್ಮವನ್ನು ಎಳೆದು ಕೂರಿಸುವುದು ಮೊದಲ ಹಂತ. ಕೈಕೆಲಸದ ಉತ್ತಮ ಬೂಟಿನಲ್ಲಿ ಒಳ ಅಟ್ಟೆಯ ಚರ್ಮದಲ್ಲೇ ಏಣು ಕೊರೆದು, ಅದಕ್ಕೆ ಮೇಲ್ಚರ್ಮವನ್ನೂ ‘ವೆಲ್ಟ್’ ಎಂಬ ಚರ್ಮದ ಪಟ್ಟಿಯನ್ನೂ ಸೇರಿಸಿ ಹೊಲಿಯುತ್ತಾರೆ. ಬಳಿಕ ಹೊರ ಅಟ್ಟೆಯನ್ನು ಆ ಪಟ್ಟಿಗೆ ಹೊಲಿಯುತ್ತಾರೆ. ಹೊರ ಅಟ್ಟೆ ಸವೆದಾಗ ಈ ಎರಡನೆಯ ಹೊಲಿಗೆಯನ್ನಷ್ಟೇ ಬಿಚ್ಚಿ ಹೊಸ ಅಟ್ಟೆ ಹಾಕಬಹುದು. ಮೇಲ್ಭಾಗಕ್ಕೆ ಏನೂ ಆಗುವುದಿಲ್ಲ.

19ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಈ ಹಂತಗಳು ಒಂದೊಂದಾಗಿ ಯಂತ್ರದ ಪಾಲಾದವು. 1858ರಲ್ಲಿ ಲೈಮನ್ ಬ್ಲೇಕ್ ಅಟ್ಟೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1870ರ ದಶಕದಲ್ಲಿ ವೆಲ್ಟ್ ಹೊಲಿಯುವ ‘ಗುಡ್‌ಇಯರ್’ ಯಂತ್ರ ಬಂದಿತು. ಆದರೂ ಅಚ್ಚಿನ ಮೇಲೆ ಚರ್ಮ ಎಳೆಯುವ ಕೆಲಸ ಕೈಗೇ ಉಳಿದಿತ್ತು. 1883ರಲ್ಲಿ ಸುರಿನಾಮ್‌ನಿಂದ ವಲಸೆ ಬಂದಿದ್ದ ಯಾನ್ ಮಾಟ್ಸೆಲಿಗರ್ ಎಂಬ ಕಾರ್ಮಿಕ ಅದಕ್ಕೂ ಯಂತ್ರ ಕಂಡುಹಿಡಿದರು. ನುರಿತ ಕೈ ದಿನಕ್ಕೆ ಸುಮಾರು 50 ಜೊತೆ ಎಳೆಯುತ್ತಿದ್ದಲ್ಲಿ ಯಂತ್ರ ನೂರಾರು ಜೊತೆ ಎಳೆಯತೊಡಗಿತು. ಬೂಟಿನ ಬೆಲೆ ಇಳಿಯಿತು. ಬರಿಗಾಲಿನಲ್ಲಿದ್ದ ಎಷ್ಟೋ ಜನರ ಕಾಲಿಗೆ ಬೂಟು ಬಂದಿತು. ಯಂತ್ರದ ಈ ಉಪಕಾರವನ್ನು ನಾವು ಮರೆಯಬಾರದು.

ಹಾಗಾದರೆ ಯಾವುದು ಮೇಲು?

ಯಂತ್ರದ ವೆಲ್ಟ್ ಬೂಟಿನಲ್ಲಿ ಸಾಮಾನ್ಯವಾಗಿ ಏಣನ್ನು ಚರ್ಮದಲ್ಲಿ ಕೊರೆಯುವುದಿಲ್ಲ, ಬಟ್ಟೆಯ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಅಂಟು ಬಿಟ್ಟರೆ ಹೊಲಿಗೆಯ ಆಧಾರವೇ ಸಡಿಲವಾಗುತ್ತದೆ. ಅಲ್ಲದೆ ಆ ಒಳ ಹೊಲಿಗೆ ಒಂದೇ ದಾರದ ಸರಪಳಿ ಹೊಲಿಗೆ; ಒಂದೆಡೆ ಹರಿದರೆ ಮುಂದಕ್ಕೂ ಬಿಚ್ಚಿಕೊಳ್ಳಬಹುದು. ಕೈ ಹೊಲಿಗೆಯಲ್ಲಿ ದಾರದ ಎರಡು ತುದಿಗಳೂ ಪ್ರತಿ ತೂತಿನಲ್ಲಿ ಎದುರು ಬದುರು ಹಾಯುವುದರಿಂದ ಒಂದು ಹೋದರೂ ಪಕ್ಕದ್ದು ಹಿಡಿದಿರುತ್ತದೆ. ಆದರೂ ಯಂತ್ರದ ವೆಲ್ಟ್ ಬೂಟು ರಿಪೇರಿಗೆ ಒದಗುತ್ತದೆ. ಬರೀ ಅಂಟಿನಿಂದ ಕೂಡಿಸಿದ ಅಗ್ಗದ ಬೂಟಿನ ಕಥೆ ಬೇರೆ: ಅದರ ಅಟ್ಟೆ ಸವೆದರೆ ಸಾಮಾನ್ಯವಾಗಿ ಇಡೀ ಜೊತೆಯನ್ನೇ ಎಸೆಯಬೇಕು.

ಕೈಕೆಲಸಕ್ಕೂ ಮಿತಿಗಳಿವೆ. ಸಮಯ ಹೆಚ್ಚು, ಬೆಲೆ ಹೆಚ್ಚು. ಎರಡು ಜೊತೆ ಒಂದೇ ತೆರನಾಗಿರುವುದಿಲ್ಲ. ತೊಗಟೆಯಲ್ಲಿ ಹದಗೊಂಡ ಅಟ್ಟೆ ನೀರು ಹೀರುತ್ತದೆ. ಎನ್. ಬೇಗೂರಿನ ಮಳೆಗಾಲದ ಕೆಸರಿನಲ್ಲಿ ನಡೆದು ಶಾಲೆಗೆ ಹೋಗುವವರಿಗೆ ರಬ್ಬರ್ ಅಟ್ಟೆಯೇ ಅನುಕೂಲ. ಕೆಲಸಕ್ಕೆ ತಕ್ಕ ಜೋಡು ಎಂಬುದೇ ಸರಿಯಾದ ಅಳತೆಗೋಲು.

ಗೌರವದ ಪ್ರಶ್ನೆ

ಆದರೆ ಇದು ಬರೀ ಹೊಲಿಗೆಯ ಲೆಕ್ಕವಲ್ಲ. ಚರ್ಮದ ಕೆಲಸ ಮಾಡುವವರನ್ನು ನಮ್ಮ ಸಮಾಜ ಶತಮಾನಗಳ ಕಾಲ ದೂರವಿಟ್ಟಿತು. ಅವರು ಮಾಡಿದ ಜೋಡನ್ನು ಮೆಟ್ಟಿಕೊಂಡು, ಮಾಡಿದವರನ್ನು ಹೊಸ್ತಿಲಾಚೆ ನಿಲ್ಲಿಸಿತು. 12ನೆಯ ಶತಮಾನದ ಶರಣರು ಹರಳಯ್ಯನಂಥವರನ್ನು ಸಮಾನರೆಂದು ಕಂಡದ್ದು ಈ ಕಾರಣಕ್ಕೇ ದೊಡ್ಡ ಮಾತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್‌ನ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ಮೂಲ ಹೇಳದೆ ತೋರಿಸಿತು. ಆಕ್ಷೇಪ ಎದ್ದ ಮೇಲೆ ಭಾರತದ ಪ್ರೇರಣೆಯನ್ನು ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್ ಹಾಗೂ ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಹೆಸರು ಬಂದಿತು, ದುಡ್ಡಿನ ಎಷ್ಟು ಪಾಲು ಅಥಣಿಯ ಹೆಣಿಗೆಯ ಕೈಗೆ ಸೇರುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಕೃತಕ ವಸ್ತುವಿನ ಯಂತ್ರದ ಚಪ್ಪಲಿಗಳೂ ಮಾರಾಟವಾಗುತ್ತವೆ. ಆದ್ದರಿಂದ ಕೊಳ್ಳುವಾಗ ಅಟ್ಟೆಯ ಅಂಚನ್ನು ನೋಡಿ: ಚರ್ಮದ ಪದರಗಳು ಕಾಣುತ್ತವೆಯೇ? ಹೊಲಿಗೆ ಅಟ್ಟೆಯ ಆಚೆಗೆ ಹಾಯ್ದಿದೆಯೇ, ಇಲ್ಲಾ ಬರೀ ಅಲಂಕಾರವೇ? ಎಚ್.ಡಿ. ಕೋಟೆಗೋ ಹುಣಸೂರಿಗೋ ಹೋದಾಗ ಚಪ್ಪಲಿ ರಿಪೇರಿ ಮಾಡುವವರ ಬಳಿ ಹತ್ತು ನಿಮಿಷ ಕುಳಿತು ಕೇಳಿ. ಯಾವ ಜೋಡು ಎಲ್ಲಿ ಬಾಯಿ ಬಿಡುತ್ತದೆ, ಏಕೆ ಬಿಡುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ.