ಕಂಚನ್ನು ಮುತ್ತುವ ಕಡಲಜೀವಿಗಳು

ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಗಾಣಗಾಪುರದ ಸಂಗಮದಲ್ಲಿ ನೀರಿಗಿಳಿಯುವವರು ಕಾಲನ್ನು ಎಚ್ಚರದಿಂದ ಊರುತ್ತಾರೆ. ದಡದ ಒಣಕಲ್ಲು ಜಾರುವುದಿಲ್ಲ. ನೀರಿನಲ್ಲಿ ಮುಳುಗಿದ ಅದೇ ಜಾತಿಯ ಕಲ್ಲು ಜಾರುತ್ತದೆ. ಈ ನುಣುಪು ಕಲ್ಲಿನದಲ್ಲ, ಕಲ್ಲನ್ನು ಮನೆಮಾಡಿಕೊಂಡ ಜೀವಿಗಳದು. ನೀರಿನಲ್ಲಿ ಏನನ್ನೇ ಮುಳುಗಿಸಿಡಿರಿ, ಕಲ್ಲಾಗಲಿ, ಮರವಾಗಲಿ, ಲೋಹವಾಗಲಿ, ಕೆಲವೇ ದಿನಗಳಲ್ಲಿ ಅದಕ್ಕೆ ಒಕ್ಕಲು ಬರುತ್ತದೆ.

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿ ಕುಳಿತು ಓದುವ ವಿದ್ಯಾರ್ಥಿಗೆ ಕಡಲು ಮುನ್ನೂರು ಕಿಲೋಮೀಟರಿಗೂ ಆಚೆಯ ಮಾತು. ಆದರೂ ಸಂಗಮದ ಕಲ್ಲಿನ ಮೇಲೆ ನಡೆಯುವ ಸಂಗತಿಯೇ ಪಡುವಣ ಕರಾವಳಿಯಲ್ಲಿ ಇನ್ನಷ್ಟು ಬಿರುಸಾಗಿ ನಡೆಯುತ್ತದೆ. ನದಿಯಲ್ಲಿ ಅದು ಸ್ನಾನಕ್ಕಿಳಿದವನ ಕಾಲನ್ನು ಜಾರಿಸೀತು. ಕಡಲಿನಲ್ಲಿ ದೋಣಿಯ ಯಂತ್ರದ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ.

ಮಂಗಳೂರಿನ ಹಳೆಯ ಬಂದರಿನಲ್ಲಿ, ಗುರುಪುರ ನದಿಯ ಮಡಿಲಲ್ಲಿ, ಮರದ ದೊಡ್ಡ ಮಂಜಿಗಳನ್ನು ಕಾಣಬಹುದು. ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಈ ಹಡಗುಗಳ ಪೂರ್ವಜರು ಕೇವಲ ಹಾಯಿಯನ್ನು ನಂಬಿದ್ದರು. ಈಗಿನವುಗಳಿಗೆ ಡೀಸೆಲ್ ಯಂತ್ರವಿದೆ. ಯಂತ್ರದಿಂದ ಹೊರಟ ಉದ್ದನೆಯ ಉಕ್ಕಿನ ದಂಡವೊಂದು ಹಿಂಬದಿಯ ಕೊಳವೆಯ ಮೂಲಕ ನೀರಿಗೆ ಇಳಿಯುತ್ತದೆ. ಇದೇ ಶಾಫ್ಟು. ಅದರ ತುದಿಯಲ್ಲಿ ಮೂರು ನಾಲ್ಕು ಅಲಗುಗಳುಳ್ಳ ಪ್ರೊಪೆಲ್ಲರು. ಕರಾವಳಿಯ ಬೆಸ್ತರು ಇದನ್ನು ಸುಲಭವಾಗಿ ‘ಫ್ಯಾನು’ ಎನ್ನುತ್ತಾರೆ. ಗೋವೆಯಲ್ಲಿ ನಿರ್ಮಾಣಗೊಂಡ ನೌಕಾಪಡೆಯ ಹಾಯಿದೋಣಿ ‘ತಾರಿಣಿ’ಯಂತಹ, ಗಾಳಿಯ ಬಲದಿಂದಲೇ ಭೂಮಿಯನ್ನು ಸುತ್ತಿಬರುವ ದೋಣಿಗಳಿಗೂ ಬಂದರಿನ ಒಳಹೊರಗಿನ ಓಡಾಟಕ್ಕೆ ಒಂದು ಸಣ್ಣ ಯಂತ್ರವೂ ಫ್ಯಾನೂ ಬೇಕು.

ಹಾಯಿದೋಣಿಯ ಫ್ಯಾನಿಗೆ ಒಂದು ವಿಶೇಷ ದುರದೃಷ್ಟವಿದೆ. ಅದು ಬಹುಕಾಲ ಸುಮ್ಮನೆ ನಿಂತಿರುತ್ತದೆ. ಮೀನುಗಾರಿಕೆಯ ಬೋಟಿನ ಫ್ಯಾನು ದಿನವೂ ತಿರುಗುವುದರಿಂದ ಅದರ ಮೇಲೆ ನೆಲೆಸಬಂದ ಮರಿಜೀವಿಗಳಿಗೆ ನೆಮ್ಮದಿಯಿಲ್ಲ. ನಿಂತ ಫ್ಯಾನಾದರೋ ಅವುಗಳಿಗೆ ಬಾಡಿಗೆಯಿಲ್ಲದ ಮನೆ.

ಹೊಸದಾಗಿ ಉಜ್ಜಿ ಹೊಳೆಯಿಸಿದ ಅಲಗನ್ನು ಕಡಲಿಗಿಳಿಸಿದ ಕೆಲವು ನಿಮಿಷಗಳಲ್ಲೇ ನೀರಿನಲ್ಲಿ ಕರಗಿರುವ ಸಾವಯವ ವಸ್ತುಗಳು ಅದರ ಮೇಲೆ ತೆಳುವಾದ ಪೊರೆಯಾಗಿ ಕೂಡುತ್ತವೆ. ಗಂಟೆಗಳು ಕಳೆಯುವಷ್ಟರಲ್ಲಿ ಬ್ಯಾಕ್ಟೀರಿಯಾಗಳು ಬಂದು ಅಂಟನ್ನು ಸುರಿಸುತ್ತವೆ. ಅವುಗಳ ಹಿಂದೆ ಡಯಾಟಮ್ ಎಂಬ ಏಕಕೋಶದ ಪಾಚಿಗಳು, ಬೇರೆ ಪಾಚಿಯ ಬೀಜಾಣುಗಳು. ಕೈಯಿಟ್ಟರೆ ಲೋಳೆಯಂತೆ ತೋರುವ ಈ ಹಂತದಲ್ಲಿ ಬಟ್ಟೆಯಿಂದ ಒರೆಸಿದರೂ ಅಲಗು ಶುದ್ಧವಾಗುತ್ತದೆ. ದಿನಗಳು ಉರುಳಿದಂತೆ ಬರುವವರು ಬೇರೆಯೇ ತರದವರು: ಸುಣ್ಣದ ಕೊಳವೆ ಕಟ್ಟುವ ಹುಳುಗಳು, ಪಚ್ಚಿಲೆಯ ಮರಿಗಳು, ಎಲ್ಲಕ್ಕಿಂತ ಹಟಮಾರಿಯಾದ ಬಾರ್ನಕಲ್‌ಗಳು.

ಬಾರ್ನಕಲ್ ನೋಡಲು ಸಣ್ಣದೊಂದು ಬಿಳಿಯ ಜ್ವಾಲಾಮುಖಿಯಂತಿದೆ. ಕಲ್ಲಿನಂತಹ ಅದರ ಚಿಪ್ಪನ್ನು ಕಂಡು ಬಹುಕಾಲ ಪಂಡಿತರು ಅದನ್ನು ಸಿಂಪಿ, ಶಂಖಗಳ ಬಳಗಕ್ಕೆ ಸೇರಿಸಿದ್ದರು. 1830ರಲ್ಲಿ ಜಾನ್ ವಾಘನ್ ಥಾಮ್ಸನ್ ಎಂಬ ವೈದ್ಯನು ಅದರ ಮರಿಗಳನ್ನು ಪರೀಕ್ಷಿಸಿ, ಇದು ಸಿಗಡಿ ಏಡಿಗಳ ದಾಯಾದಿಯೆಂದು ತೋರಿಸಿಕೊಟ್ಟನು. ಚಾರ್ಲ್ಸ್ ಡಾರ್ವಿನ್ನನು 1846ರಿಂದ ಎಂಟು ವರ್ಷ ಈ ಒಂದೇ ಜೀವಿವರ್ಗದ ಅಧ್ಯಯನದಲ್ಲಿ ಮುಳುಗಿದನು. ನಮ್ಮ ಬಂದರುಗಳಲ್ಲಿ ಹೇರಳವಾಗಿರುವ, ನೇರಳೆ ಗೆರೆಗಳುಳ್ಳ ‘ಆಂಫಿಟ್ರೈಟ್’ ಬಾರ್ನಕಲ್ಲಿಗೆ 1854ರಲ್ಲಿ ಆ ಹೆಸರನ್ನಿಟ್ಟವನೂ ಅವನೇ. ಅದೇ ಜೀವಿಯ ಮರಿಗಳ ಮೇಲೆ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಅನೇಕ ಪ್ರಯೋಗಗಳು ನಡೆದಿವೆ.

ಮೊಟ್ಟೆಯಿಂದ ಹೊರಬಿದ್ದ ಮರಿ ಈಜುತ್ತ, ತಿನ್ನುತ್ತ, ಆರು ಹಂತಗಳನ್ನು ಕಳೆಯುತ್ತದೆ. ಬೆಚ್ಚನೆಯ ನೀರಿನಲ್ಲಿ ಇದಕ್ಕೆ ಸುಮಾರು ಒಂದು ವಾರ ಸಾಕು. ಆಮೇಲಿನ ರೂಪಕ್ಕೆ ಸಿಪ್ರಿಡ್ ಎಂದು ಹೆಸರು. ಇದು ಏನನ್ನೂ ತಿನ್ನುವುದಿಲ್ಲ. ಕೂಡಿಟ್ಟ ಕೊಬ್ಬು ಮುಗಿಯುವುದರೊಳಗೆ ಮನೆ ಹುಡುಕಿಕೊಳ್ಳುವುದೊಂದೇ ಇದರ ಕೆಲಸ. ತನ್ನೆರಡು ಮೀಸೆಗಳ ಮೇಲೆ ಹೆಜ್ಜೆಯಿಡುತ್ತ ಜಾಗವನ್ನು ತಡವಿ ನೋಡುತ್ತದೆ, ಒಪ್ಪದಿದ್ದರೆ ಎದ್ದು ಹೋಗುತ್ತದೆ. ಒಪ್ಪಿತೋ, ತಲೆಕೆಳಗಾಗಿ ನಿಂತು ಸಿಮೆಂಟನ್ನು ಸುರಿಸಿ ಅಂಟಿಬಿಡುತ್ತದೆ. ಆ ಬಳಿಕ ಸುತ್ತಲೂ ಸುಣ್ಣದ ಗೋಡೆಯೆಬ್ಬಿಸಿ, ಬಾಗಿಲಿನಿಂದ ಗರಿಯಂತಹ ಕಾಲುಗಳನ್ನು ಹೊರಚಾಚಿ ಆಹಾರವನ್ನು ಬಾಚಿಕೊಳ್ಳುತ್ತ ಜೀವಮಾನವನ್ನು ಕಳೆಯುತ್ತದೆ. ಜಾಗ ಹುಡುಕುವ ಮರಿಗೆ ಅತಿ ಪ್ರಿಯವಾದ ಗುರುತು ಯಾವುದೆಂದರೆ, ತನ್ನ ಕುಲದವರು ಅಲ್ಲಿ ಬಾಳಿದ್ದರೆಂಬುದು! ಹಿರಿಯ ಬಾರ್ನಕಲ್ಲುಗಳ ಮೈಯ ಪ್ರೋಟೀನನ್ನು ಮುಟ್ಟಿ ತಿಳಿದು ಅಲ್ಲಿಯೇ ನೆಲೆಸುತ್ತದೆ. ಆದುದರಿಂದ ಅಲಗನ್ನು ಕೆರೆಯುವವನು ಚಿಪ್ಪನ್ನು ಮುರಿದು, ತಳದ ಬಿಳಿಯ ಬಿಲ್ಲೆಗಳನ್ನು ಹಾಗೆಯೇ ಬಿಟ್ಟರೆ ಹೊಸ ಅತಿಥಿಗಳಿಗೆ ಕರೆಯೋಲೆ ಕೊಟ್ಟಂತೆಯೇ ಸರಿ.

ಅಂಗೈಯಗಲದ ಅಲಗಿನ ಮೇಲೆ ಹತ್ತಿಪ್ಪತ್ತು ಗುಬುಟುಗಳು ಎದ್ದರೆ ಏನು ಮಹಾ ಕೇಡು ಎಂದು ವಾಚಕರು ಕೇಳಬಹುದು. ಸ್ವಲ್ಪ ಲೆಕ್ಕ ಮಾಡೋಣ. 40 ಸೆಂಟಿಮೀಟರು ವ್ಯಾಸದ ಪ್ರೊಪೆಲ್ಲರು ನಿಮಿಷಕ್ಕೆ 1000 ಸುತ್ತು ತಿರುಗುತ್ತಿದೆಯೆನ್ನಿ. ಅದರ ತುದಿ ಒಂದು ಸುತ್ತಿಗೆ ಸುಮಾರು 1.26 ಮೀಟರು, ಎಂದರೆ ಸೆಕೆಂಡಿಗೆ 21 ಮೀಟರು ಹೋಗುತ್ತದೆ. ಅದೇ ವೇಳೆಗೆ ದೋಣಿ 5 ನಾಟ್ ವೇಗದಲ್ಲಿದ್ದರೆ, ಅದರ ಒಡಲು ಚಲಿಸುವುದು ಸೆಕೆಂಡಿಗೆ 2.6 ಮೀಟರು ಮಾತ್ರ. ಅಲಗಿನ ತುದಿಯ ವೇಗ ಒಡಲಿನ ವೇಗದ ಎಂಟು ಪಟ್ಟು. ನೀರಿನ ತಡೆ ವೇಗದ ವರ್ಗವನ್ನು ಅನುಸರಿಸಿ ಬೆಳೆಯುವುದರಿಂದ, ಒಡಲ ಮೇಲಿನ ಗುಬುಟೊಂದು ಒಡ್ಡುವ ತಡೆಯ ಅರವತ್ತು ಪಟ್ಟಿಗೂ ಮಿಗಿಲಾದ ತಡೆಯನ್ನು ಅಲಗಿನ ತುದಿಯ ಗುಬುಟು ಒಡ್ಡುತ್ತದೆ. ಸಾಲದುದಕ್ಕೆ, ನೀರನ್ನು ಹಿಂದಕ್ಕೆ ತಳ್ಳುವಂತೆ ಲೆಕ್ಕಹಾಕಿ ತಿರುಚಿದ ಅಲಗಿನ ಮೈಯೇ ಕೆಟ್ಟುಹೋಗುತ್ತದೆ. ಯಂತ್ರ ಬೊಬ್ಬಿಡುತ್ತದೆ, ಹೊಗೆಯುಗುಳುತ್ತದೆ, ಡೀಸೆಲ್ಲನ್ನು ಕುಡಿಯುತ್ತದೆ. ದೋಣಿ ಮಾತ್ರ ತೆವಳುತ್ತದೆ. ನದಿ ಕಡಲನ್ನು ಸೇರುವ ಅಳಿವೆ ಬಾಗಿಲಿನಲ್ಲಿ ಅಲೆಗಳು ಮುರಿಯುತ್ತಿರುವಾಗ, ಗಾಳಿಯೂ ಕೈಕೊಟ್ಟ ಹೊತ್ತಿನಲ್ಲಿ, ಹೀಗಾದರೆ ಅದು ಇಂಧನದ ಖರ್ಚಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಜೀವದ ಪ್ರಶ್ನೆಯಾಗುತ್ತದೆ.

ಶಾಫ್ಟಿನ ಸಂಕಟ ಇನ್ನೊಂದು ಬಗೆಯದು. ಅದು ಹೊರಬರುವಲ್ಲಿ ರಬ್ಬರಿನ ಒಳಮೈಯುಳ್ಳ ಬೇರಿಂಗು ಇರುತ್ತದೆ. ಎಣ್ಣೆಗೆ ಬದಲಾಗಿ ಕಡಲ ನೀರೇ ಅದರ ಗೀರುಗಳಲ್ಲಿ ಹರಿದು ತಂಪು ಮಾಡಬೇಕು. ಗೀರುಗಳಲ್ಲಿ ಚಿಪ್ಪುಜೀವಿಗಳು ಬೆಳೆದರೆ ನೀರು ಕಟ್ಟುತ್ತದೆ, ಬೇರಿಂಗು ಸವೆಯುತ್ತದೆ. ತುಕ್ಕು ಹಿಡಿಯದ ಉಕ್ಕಿಗೂ ಇಲ್ಲಿ ಅಪಾಯ ತಪ್ಪಿದ್ದಲ್ಲ. ಆ ಉಕ್ಕನ್ನು ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ಕಣ್ಣಿಗೆ ಕಾಣದ ಪೊರೆ. ಆ ಪೊರೆ ಉಳಿಯಲು ಆಮ್ಲಜನಕ ಬೇಕು. ಬಾರ್ನಕಲ್ಲಿನ ತಳದಡಿಗೆ ಆಮ್ಲಜನಕ ಸುಳಿಯದು. ಅಲ್ಲಿ ಪೊರೆ ಹರಿದು, ಹೊರಗೆಲ್ಲ ಹೊಳೆಯುವ ದಂಡದಲ್ಲಿ ಒಳಗೊಳಗೇ ಗುಳಿ ಬೀಳುತ್ತದೆ.

ಹಾಗಾದರೆ ದೋಣಿಯ ಒಡಲಿಗೆ ಬಳಿಯುವ ತಾಮ್ರದ ಬಣ್ಣವನ್ನೇ ಫ್ಯಾನಿಗೂ ಬಳಿಯಬಾರದೇಕೆ? ತಾಮ್ರವು ಮರಿಜೀವಿಗಳಿಗೆ ವಿಷವೆಂಬುದು ಹಳೆಯ ಅರಿವು. ಬ್ರಿಟಿಷ್ ನೌಕಾಪಡೆಯು 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿತ್ತು. ಫ್ಯಾನಿನ ಲೋಹವಾದರೂ ತಾಮ್ರಪ್ರಧಾನವಾದುದೇ. ಸಾಮಾನ್ಯವಾಗಿ ಬಳಸುವ ‘ಮ್ಯಾಂಗನೀಸ್ ಕಂಚು’ ಹೆಸರಿಗೆ ಕಂಚಾದರೂ ಜಾತಿಯಲ್ಲಿ ಹಿತ್ತಾಳೆ: ತಾಮ್ರದೊಡನೆ ಸತು ಬೆರೆತಿರುತ್ತದೆ. ಅಂದಮೇಲೆ ಅದರ ಮೇಲೆ ಬಾರ್ನಕಲ್ ಕೂರಲೇಬಾರದಾಗಿತ್ತು. ಆದರೂ ಕೂರುತ್ತದೆ. ಈ ಒಗಟನ್ನು ಬಿಡಿಸುವ ಘಟನೆಯೊಂದಿದೆ.

ತಾಮ್ರದ ತಗಡುಗಳು ಕಡಲ ನೀರಿನಲ್ಲಿ ಬೇಗನೆ ಸವೆಯುತ್ತಿದ್ದುದರಿಂದ ನೌಕಾಡಳಿತವು ಸರ್ ಹಂಫ್ರಿ ಡೇವಿಯ ಸಲಹೆ ಕೇಳಿತು. ಗಣಿಯ ರಕ್ಷಾದೀಪವನ್ನು ನಿರ್ಮಿಸಿದ ವಿಜ್ಞಾನಿಯೇ ಈತ. ತಾಮ್ರಕ್ಕಿಂತ ಚುರುಕಾಗಿ ಕರಗುವ ಸತು ಅಥವಾ ಕಬ್ಬಿಣದ ತುಂಡೊಂದನ್ನು ತಗಡಿಗೆ ಜೋಡಿಸಿದರೆ, ಆ ತುಂಡು ತಾನು ಕರಗಿ, ತನ್ನ ಎಲೆಕ್ಟ್ರಾನುಗಳನ್ನು ತಾಮ್ರಕ್ಕೆ ಒದಗಿಸಿ, ಅದನ್ನು ಉಳಿಸುತ್ತದೆಂದು ಡೇವಿ 1824ರಲ್ಲಿ ತೋರಿಸಿಕೊಟ್ಟನು. ಎಲೆಕ್ಟ್ರಾನೆಂಬ ಹೆಸರು ಆಗ ಹುಟ್ಟಿರಲಿಲ್ಲ. ಇದು ನಮ್ಮ ಕಾಲದ ವಿವರಣೆ. ಪರೀಕ್ಷೆಗೊಳಗಾದ ಹಡಗುಗಳಲ್ಲೊಂದು ‘ಸಮರಾಂಗ್’. 1822ರಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲಿ ನೀರಿಗಿಳಿದದ್ದು. ಕಬ್ಬಿಣದ ತುಂಡುಗಳನ್ನು ತಗುಲಿಸಿಕೊಂಡು ಅದು ಅಟ್ಲಾಂಟಿಕ್ಕನ್ನು ದಾಟಿ ನೋವಾ ಸ್ಕೋಷಿಯಕ್ಕೆ ಹೋಗಿ ಬಂದಿತು. ತಾಮ್ರ ಬಹುಮಟ್ಟಿಗೆ ಸವೆಯದೆ ಉಳಿದಿತ್ತು. ಡೇವಿ ಗೆದ್ದನೆಂದು ಹೇಳುವಷ್ಟರಲ್ಲಿ ಬೇರೊಂದು ದೂರು ಕೇಳಿಬಂದಿತು: ಹೀಗೆ ರಕ್ಷಿಸಿದ ಹಡಗುಗಳ ತಳವನ್ನು ಪಾಚಿ ಬಾರ್ನಕಲ್ಲುಗಳು ಮುತ್ತುತ್ತಿದ್ದವು! ನೌಕಾಡಳಿತವು ಆ ತುಂಡುಗಳನ್ನು ಕೀಳಿಸಿಹಾಕಿತು.

ಕಾರಣ ಸರಳ. ಜೀವಿಗಳನ್ನು ದೂರವಿಡುತ್ತಿದ್ದುದು ತಾಮ್ರದ ತಗಡಲ್ಲ, ಅದರಿಂದ ಕರಗಿ ಹೋಗುತ್ತಿದ್ದ ತಾಮ್ರದ ಅಯಾನುಗಳು. ಸವೆತವನ್ನು ನಿಲ್ಲಿಸಿದೊಡನೆ ವಿಷವೂ ನಿಂತಿತು. ಇಂದಿನ ದೋಣಿಯಲ್ಲಿಯೂ ಶಾಫ್ಟಿಗೆ ಸತುವಿನ ತುಂಡೊಂದನ್ನು ಬಿಗಿದಿರುತ್ತಾರೆ. ಅದಿಲ್ಲದಿದ್ದರೆ ಹಿತ್ತಾಳೆಯಿಂದ ಸತು ಮಾತ್ರ ಕರಗಿಹೋಗಿ, ಅಲಗು ನಸುಗೆಂಪು ಬಣ್ಣಕ್ಕೆ ತಿರುಗಿ ಬೆಂಡಿನಂತೆ ಟೊಳ್ಳಾಗುತ್ತದೆ. ಇದ್ದರೋ, ಅಲಗು ಉಳಿಯುತ್ತದೆ, ಬಾರ್ನಕಲ್ಲುಗಳೂ ಬೆಳೆಯುತ್ತವೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ಸತುವನ್ನೇ ಆರಿಸುವುದು ಲೇಸು: ಬೆಳೆದದ್ದನ್ನು ಕೆರೆಯಬಹುದು, ಕರಗಿದ್ದನ್ನು ಮರಳಿ ತರಲಾಗದು. ಸತುವಿನ ತುಂಡಿಗೆ ಮಾತ್ರ ಯಾವ ಬಣ್ಣವನ್ನೂ ಬಳಿಯಕೂಡದು. ಅಂದಕ್ಕೆಂದು ಬಳಿದರೆ ಕಾವಲುಗಾರನ ಕೈಕಾಲು ಕಟ್ಟಿದಂತೆ.

ತಾಮ್ರದ ಬಣ್ಣ ಅಲಗಿನ ಮೇಲೆ ಹೆಚ್ಚು ದಿನ ನಿಲ್ಲದು; ನುಣುಪು ಲೋಹಕ್ಕೆ ಅದರ ಹಿಡಿತ ಕಡಮೆ, ತಿರುಗುವ ವೇಗಕ್ಕೆ ಸುಲಿದು ಹೋಗುತ್ತದೆ. ಇದಕ್ಕಿಂತ ಘೋರವಾದ ವಿಷಗಳನ್ನೂ ಮನುಷ್ಯನು ಪ್ರಯೋಗಿಸಿ ನೋಡಿದ್ದಾನೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಟ್ರೈಬ್ಯೂಟೈಲ್ ಟಿನ್ ಎಂಬ ತವರದ ಸಂಯುಕ್ತವು ದೋಣಿಯ ತಳವನ್ನೇನೋ ಶುಭ್ರವಾಗಿಟ್ಟಿತು. ಆದರೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಯಿತು, ಮರಿಗಳು ನಶಿಸಿದವು. ಬೇರೆಡೆಗಳಲ್ಲಿ ಹೆಣ್ಣು ಶಂಖುಹುಳುಗಳಿಗೆ ಗಂಡಿನ ಅಂಗಗಳು ಮೂಡಿದವು. ಫ್ರಾನ್ಸು 1982ರಲ್ಲಿ ಸಣ್ಣ ದೋಣಿಗಳಿಗೆ ಇದನ್ನು ನಿಷೇಧಿಸಿತು. 2001ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದವು 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು ಹಡಗುಗಳಿಂದಲೂ ಇದನ್ನು ಹೊರದೂಡಿತು. ಅಘನಾಶಿನಿಯ ಅಳಿವೆಯಲ್ಲಿ ಬಳಚನ್ನು ಹೆಕ್ಕಿ ಜೀವನ ಸಾಗಿಸುವ ಕುಟುಂಬಗಳಿರುವ ನಮ್ಮ ನಾಡಿಗೆ ಇದು ದೂರದ ಸುದ್ದಿಯಲ್ಲ. ಕೆರೆದ ಹಳೆಯ ಬಣ್ಣವನ್ನು ನದಿಗೆ ಗುಡಿಸುವುದು ಊಟದ ತಟ್ಟೆಗೆ ಗುಡಿಸಿದಂತೆ. ಬಣ್ಣಕ್ಕೆ ಮೆಣಸಿನ ಪುಡಿ ಬೆರೆಸುವ ದೋಣಿಗರೂ ಲೋಕದಲ್ಲಿದ್ದಾರೆ! ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ಇದಕ್ಕೆ ವ್ಯರ್ಥಮಾಡದಿರುವುದೇ ಒಳ್ಳೆಯದು.

ವಿಷವಿಲ್ಲದ ಉಪಾಯವೂ ಈಗ ಉಂಟು. ಸಿಲಿಕೋನಿನ ಲೇಪ ಜೀವಿಯನ್ನು ಕೊಲ್ಲುವುದಿಲ್ಲ. ಅದರ ಸಿಮೆಂಟಿಗೆ ಹಿಡಿತ ಸಿಗದಂತೆ ಮಾಡುತ್ತದೆ. ಸಂಗಮದ ಕಲ್ಲಿನ ಮೇಲೆ ನಮ್ಮ ಕಾಲಿಗೆ ಆಗುವ ಗತಿ ಇಲ್ಲಿ ಬಾರ್ನಕಲ್ಲಿಗೆ! ಅಲಗನ್ನೂ ಶಾಫ್ಟನ್ನೂ ಬರಿಯ ಲೋಹ ಕಾಣುವವರೆಗೆ ಉಜ್ಜಿ, ಜಿಡ್ಡು ತೆಗೆದು, ಲೋಹವನ್ನು ಕಚ್ಚುವ ಮೊದಲ ಲೇಪವನ್ನು ಹಚ್ಚಿ, ಅದರ ಮೇಲೆ ಸಿಲಿಕೋನನ್ನು ಬಳಿಯುತ್ತಾರೆ. ಶುದ್ಧಿಯಲ್ಲಿ ಕೊರತೆಯಾದರೆ ಲೇಪ ಹಾಳೆಯಂತೆ ಎದ್ದುಹೋಗುತ್ತದೆ. ಕೆಲಸದ ಮುಕ್ಕಾಲು ಪಾಲು ಉಜ್ಜುವುದರಲ್ಲೇ ಇದೆ. ಫ್ಯಾನು ತಿರುಗಿದಾಗ ನೀರಿನ ರಭಸವೇ ಕೂತವರನ್ನು ಕಿತ್ತೆಸೆಯುತ್ತದೆ. ಹಾಯಿದೋಣಿಯಲ್ಲಿ ಆ ರಭಸ ಅಪರೂಪ. ಆದುದರಿಂದ ವಾರಕ್ಕೊಮ್ಮೆಯಾದರೂ ಯಂತ್ರವನ್ನು ನಡೆಸಬೇಕು, ಇಲ್ಲವೇ ಮುಳುಗಿ ಕೈಯಿಂದ ಒರೆಸಬೇಕು. ಬಹುಕಾಲ ಲಂಗರು ಹಾಕುವವರಲ್ಲಿ ಕೆಲವರು ಫ್ಯಾನಿಗೆ ಪ್ಲಾಸ್ಟಿಕ್ ಚೀಲವನ್ನು ಕಟ್ಟಿ ಬಿಗಿಯುವುದುಂಟು. ಬೆಳಕೂ ಹೊಸ ನೀರೂ ಸಿಗದೆ ಒಳಗಿನ ಜೀವಿಗಳು ಸೊರಗುತ್ತವೆ. ಚೀಲ ಕಟ್ಟಿದೆಯೆಂದು ಯಂತ್ರದ ಗುಂಡಿಯ ಮೇಲೆ ಚೀಟಿ ಅಂಟಿಸಿಡುವುದು ಮಾತ್ರ ಅವಶ್ಯ.

ನಮ್ಮ ಕರಾವಳಿಗೆ ಪ್ರಕೃತಿಯೇ ಒದಗಿಸಿದ ಇನ್ನೊಂದು ಸೌಕರ್ಯ ಮಳೆಗಾಲ. ಜೂನ್ ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷಿದ್ಧ. ಮಂಜಿಗಳ ಸಂಚಾರವೂ ಮಳೆಗಾಲದಲ್ಲಿ ನಿಲ್ಲುತ್ತದೆ. ಬೋಟುಗಳು ನದಿಗಳಲ್ಲಿ ತಂಗುತ್ತವೆ, ಹಲವು ದಡವೇರಿ ಕೆರೆಸಿಕೊಳ್ಳುತ್ತವೆ. ಕಡಲ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪಿದ್ದರೆ, ಘಟ್ಟದ ಮಳೆನೀರು ಧುಮ್ಮಿಕ್ಕುವ ಕಾಳಿ, ನೇತ್ರಾವತಿಗಳ ಅಳಿವೆಯ ಮೇಲ್ಪದರದಲ್ಲಿ ಆಗ ಉಪ್ಪು ಬಹುಮಟ್ಟಿಗೆ ಇಲ್ಲವಾಗುತ್ತದೆ. ಬಾರ್ನಕಲ್ ಬಾಗಿಲು ಮುಚ್ಚಿಕೊಂಡು ಕೆಲವು ದಿನ ತಡೆದೀತು; ಸಿಹಿನೀರು ವಾರಗಟ್ಟಲೆ ನಿಂತರೆ ಸಾಯುತ್ತದೆ. ಸತ್ತರೂ ಚಿಪ್ಪು ತಾನಾಗಿ ಉದುರುವುದಿಲ್ಲ. ಅದನ್ನು ತಳದವರೆಗೆ ಕೆರೆದು, ಸವೆದ ಸತುವನ್ನು ಬದಲಿಸಿ, ಲೇಪವನ್ನು ಹೊಸದು ಮಾಡಲು ಮಳೆಗಾಲ ಮುಗಿಯುವವರೆಗೆ ಬಿಡುವಿದೆ. ಮಳೆ ತಗ್ಗಿ ಅಳಿವೆ ಮತ್ತೆ ಉಪ್ಪಾಗುತ್ತಿದ್ದಂತೆ ಸಿಪ್ರಿಡ್‌ಗಳ ಹೊಸ ಹಿಂಡು ಜಾಗವನ್ನು ತಡವುತ್ತ ಬರುತ್ತದೆ.