ಕಂಬಳಿ ನಾಡಿಗೆ ಹೋಗಿಬನ್ನಿ

ವಿಮಾನ ನಿಲ್ದಾಣ ಹತ್ತಿರವಾದ ಮೇಲೆ ಯಲಹಂಕದ ಸುತ್ತಮುತ್ತಲಿನವರ ಪ್ರವಾಸದ ಆಸೆಗಳೂ ದೂರ ದೂರಕ್ಕೆ ಚಾಚಿಕೊಂಡಿವೆ. ಪುಟ್ಟೇನಹಳ್ಳಿಯ ನಮ್ಮ ಬಡಾವಣೆಯಲ್ಲೇ ಮಂಗೋಲಿಯಾಕ್ಕೆ ಹೋಗಬೇಕು ಎನ್ನುವವರಿದ್ದಾರೆ. ಕಣ್ಣು ಹಾಯುವವರೆಗೆ ಹುಲ್ಲು, ಕುದುರೆ ಸವಾರಿ, ಗೆರ್ ಎಂಬ ದುಂಡನೆಯ ಉಣ್ಣೆ ಮನೆಯಲ್ಲಿ ರಾತ್ರಿ, ಜುಲೈ 11ರಿಂದ ನಡೆಯುವ ನಾದಮ್ ಹಬ್ಬದ ಕುಸ್ತಿ ಮತ್ತು ಕುದುರೆ ಓಟ. ಒಳ್ಳೆಯ ಆಸೆ. ಹೋಗುವವರಿಗೆ ನಾನು ಹೇಳುವುದು ಒಂದೇ: ಅಲ್ಲಿಗೆ ಹೋದಾಗ ಹುಲ್ಲುಗಾವಲನ್ನು ಮಾತ್ರ ನೋಡಬೇಡಿ, ಅದನ್ನು ಹುಲ್ಲುಗಾವಲಾಗಿಯೇ ಉಳಿಸಿಕೊಂಡ ಜನರನ್ನು ನೋಡಿ. ಹಾಗೆಯೇ, ಅಲ್ಲಿಗೆ ಹೋಗುವ ಮೊದಲೋ ಬಂದ ಮೇಲೋ ನಮ್ಮದೇ ನಾಡಿನ ಅಂಥ ಜನರ ಕಡೆ ಒಮ್ಮೆ ಹೋಗಿ ಬನ್ನಿ.

ಮಂಗೋಲಿಯಾದಲ್ಲಿ ಜನರಿಗಿಂತ ದನ, ಕುರಿ, ಕುದುರೆ, ಒಂಟೆಗಳೇ ಹೆಚ್ಚು. ಸುಮಾರು 35 ಲಕ್ಷ ಜನ, ಆರು ಕೋಟಿಯ ಆಸುಪಾಸಿನಲ್ಲಿ ಜಾನುವಾರು. 1992ರ ಸಂವಿಧಾನ ಮೇವಿನ ನೆಲವನ್ನು ಯಾರ ಖಾಸಗಿ ಆಸ್ತಿಯೂ ಆಗಲು ಬಿಟ್ಟಿಲ್ಲ. ಬೇಲಿಯಿಲ್ಲದ ಆ ಬಯಲಿನಲ್ಲಿ ಕುಟುಂಬಗಳು ಋತುವಿಗೆ ತಕ್ಕಂತೆ ಮನೆ ಕಳಚಿಕೊಂಡು ಹೊರಡುತ್ತವೆ. ಕುರಿಯ ಉಣ್ಣೆಗೆ ನೀರು ಚಿಮುಕಿಸಿ, ಬಡಿದು, ಸುರುಳಿ ಸುತ್ತಿ, ಕುದುರೆಯ ಹಿಂದೆ ಕಟ್ಟಿ ಉರುಳಿಸಿ ಗಟ್ಟಿ ಮಾಡಿದ ದಪ್ಪ ಹಾಸುಗಳೇ ಆ ಮನೆಯ ಗೋಡೆ ಮತ್ತು ಸೂರು. ಗೆರ್ ಕಟ್ಟುವ ಈ ಕಸುಬನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಒಳ್ಳೆಯ ಪ್ರವಾಸಗಳಲ್ಲಿ ಅತಿಥಿ ಹೋಗಿ ಇಳಿಯುವುದು ಕುರಿಗಾಹಿ ಕುಟುಂಬದ ಹತ್ತಿರವೇ. ದುಡ್ಡು ಆ ಮನೆಗೆ ಸೇರುತ್ತದೆ. ಹೊಸಿಲು ತುಳಿಯಬಾರದು, ಒಲೆಗೆ ಕಸ ಹಾಕಬಾರದು, ಕೊಟ್ಟದ್ದನ್ನು ಬಲಗೈಯಲ್ಲಿ ತೆಗೆದುಕೊಳ್ಳಬೇಕು. ಮನೆಯ ರೀತಿಗೆ ಅತಿಥಿ ಒಗ್ಗಿಕೊಳ್ಳಬೇಕು.

ಎಲ್ಲವೂ ಸರಿಯಿದೆ ಎಂದಲ್ಲ. ಒಂದು ಜಾಡು ಕೆಟ್ಟರೆ ಪಕ್ಕದಲ್ಲಿ ಇನ್ನೊಂದು ಎಂದು ಜೀಪುಗಳು ಹುಲ್ಲಿನ ಮೇಲೆ ಹತ್ತಾರು ದಾರಿ ಕೊರೆದಿವೆ. ಕ್ಯಾಶ್ಮೀರ್ ಉಣ್ಣೆಯ ಆಸೆಗೆ ಮೇಕೆಗಳು ಹೆಚ್ಚಿ ಹುಲ್ಲು ಸವೆದಿದೆ. 2023–24ರ ಭೀಕರ ಚಳಿಗಾಲ 70 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದಿತು. ಅಂಥ ವರ್ಷ ಮನೆಗೆ ಬಂದುಹೋಗುವ ನಾಲ್ಕು ಅತಿಥಿಗಳ ಹಣವೂ ಒಂದು ಕುಟುಂಬವನ್ನು ನಗರದ ಅಂಚಿನ ಕೊಳೆಗೇರಿಗೆ ಹೋಗದಂತೆ ಹಿಡಿದು ನಿಲ್ಲಿಸಬಹುದು.

ಇದೇ ಮಂಗೋಲಿಯಾ ಮುಂದೆ ನಿಂತು ವಿಶ್ವಸಂಸ್ಥೆಯಲ್ಲಿ ಒಂದು ನಿರ್ಣಯ ಮಾಡಿಸಿತು. 2022ರ ಮಾರ್ಚ್‌ನಲ್ಲಿ ಒಪ್ಪಿಗೆಯಾದ ಆ ನಿರ್ಣಯದಂತೆ 2026 ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ. ಬಾಗಲಕೋಟೆ, ಬೆಳಗಾವಿ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದ ಕಡೆಯಿಂದ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ತಿರುಗುವ ನಮ್ಮ ಹಾಲುಮತದ ಕುರಿಗಾಹಿಗಳಿಗೂ ಸೇರಿದ ವರ್ಷ ಅದು.

ಸುಗ್ಗಿ ಮುಗಿದ ಹೊಲಗಳನ್ನು ಹುಡುಕಿಕೊಂಡು ಊರು ಬಿಟ್ಟು, ಮುಂಗಾರು ಹಿಡಿಯುವ ಹೊತ್ತಿಗೆ ಮನೆ ಕಡೆ ತಿರುಗುವ ಹಿಂಡುಗಳು ಬಹಳ. ನಾಲ್ಕಾರು ಮನೆಯವರ ಕುರಿ ಕೂಡಿದರೆ ಸಾವಿರ ದಾಟುತ್ತದೆ. ಜೊತೆಗೆ ಸಾಮಾನು ಹೊರಲು ತಟ್ಟು ಕುದುರೆ, ಕಾವಲಿಗೆ ನಾಯಿ. ಸಂಜೆ ಹಿಂಡು ಹೊಲಕ್ಕೆ ಬಂದು ಸೇರುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ದೂಳು ಬರುತ್ತದೆ, ಆಮೇಲೆ ಕುರಿ. ಗಂಡಸರು ಗೂಟ ಬಡಿದು ಸುತ್ತ ಬಲೆ ಕಟ್ಟುವಷ್ಟರಲ್ಲಿ ಹೆಂಗಸರು ಮೂರು ಕಲ್ಲು ಜೋಡಿಸಿ ಒಲೆ ಹೂಡಿರುತ್ತಾರೆ. ಹಗಲೆಲ್ಲ ಹಿಂದೆ ಉಳಿದಿದ್ದ ಎಳೆಮರಿಗಳನ್ನು ಬಿಟ್ಟ ಕೂಡಲೇ ಅವು ಅರಚುತ್ತ ತಾಯಂದಿರ ಕಡೆ ನುಗ್ಗುತ್ತವೆ. ನೂರಾರು ಕುರಿಗಳ ನಡುವೆ ಪ್ರತಿ ಮರಿಯೂ ತನ್ನ ತಾಯಿಯನ್ನೇ ಹುಡುಕಿ ಕೆಚ್ಚಲಿಗೆ ಬಾಯಿ ಹಾಕುತ್ತದೆ. ತಪ್ಪಿದ ಒಂದೆರಡನ್ನು ಮುದುಕನೊಬ್ಬ ಕತ್ತಲಲ್ಲೇ ಗುರುತು ಹಿಡಿದು ಎತ್ತಿಕೊಂಡು ಹೋಗಿ ಬಿಡುತ್ತಾನೆ. ಇಷ್ಟು ನೋಡುವಷ್ಟರಲ್ಲಿ, "ಬರ್ರಿ, ಕುಂದರ್ರಿ, ಚಾ ಕುಡೀರಿ" ಎಂಬ ಕರೆ ಬಂದಿರುತ್ತದೆ.

ಆ ರಾತ್ರಿ ಕುರಿ ಮಲಗಿದ ಹೊಲಕ್ಕೆ ಗೊಬ್ಬರ ಬಿತ್ತು ಎಂದೇ ಲೆಕ್ಕ. ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಸೇರುತ್ತವೆ. ಕುರಿ ತರುಬುವುದು, ಮಂದೆ ಹಾಕಿಸುವುದು ಎಂದೆಲ್ಲ ಕರೆಯುವ ಈ ಏರ್ಪಾಟಿಗೆ ಹೊಲದ ಯಜಮಾನ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಚೀಲದ ಗೊಬ್ಬರಕ್ಕೆ ಸರ್ಕಾರ ಸಹಾಯಧನ ಕೊಡುವ ಕಾಲದಲ್ಲಿ, ಸರ್ಕಾರದಿಂದ ಏನೂ ಕೇಳದೆ ಹೊಲದಿಂದ ಹೊಲಕ್ಕೆ ಫಲವತ್ತತೆ ಹೊತ್ತು ತಿರುಗುವ ಇವರನ್ನು ನಾವು ಬೇಸಾಯದ ಲೆಕ್ಕಕ್ಕೇ ಹಿಡಿದಿಲ್ಲ. ನೀರಾವರಿ ಬಂದು ವರ್ಷಕ್ಕೆ ಎರಡು ಬೆಳೆಯಾದ ಕಡೆ ಖಾಲಿ ಹೊಲ ಸಿಗುವುದಿಲ್ಲ. ಅರಣ್ಯದ ಅಂಚಿಗೆ ಹೋದರೆ ತಡೆ, ಹೆದ್ದಾರಿಯಲ್ಲಿ ಲಾರಿ, ರಾತ್ರಿ ಕಳ್ಳರು, ಮಳೆಗಾಲದಲ್ಲಿ ನೀಲಿ ನಾಲಿಗೆ ರೋಗ. ಕುರಿಗಾಹಿಗಳ ಮೇಲಿನ ಹಲ್ಲೆ, ಕುರಿ ಕಳವು ಹೆಚ್ಚಿದ್ದರಿಂದಲೇ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ರಕ್ಷಣೆಗೆಂದು 2025ರಲ್ಲಿ ರಾಜ್ಯದ ವಿಧಾನಮಂಡಲ ಪ್ರತ್ಯೇಕ ಮಸೂದೆಯನ್ನೇ ಅಂಗೀಕರಿಸಬೇಕಾಯಿತು.

ಇವರ ಕುರಿಯಿಂದ ಹುಟ್ಟುವ ಕಸುಬು ಕಂಬಳಿ. ದಖನಿ ಕುರಿಯ ಒರಟು ಉಣ್ಣೆಯೇ ಇದಕ್ಕೆ ತಕ್ಕದ್ದು. ಕರಿ ಕಂಬಳಿಯ ಕಪ್ಪು ಬಣ್ಣ ಹಾಕಿದ್ದಲ್ಲ, ಕುರಿಯ ಮೈಯದೇ. ಕತ್ತರಿಸಿದ ಉಣ್ಣೆಯನ್ನು ಹಿಂಜಿ, ರಾಟೆಯ ಮೇಲೆ ನೂಲುವವರು ಹೆಂಗಸರು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುವವರು ಸಾಮಾನ್ಯವಾಗಿ ಗಂಡಸರು. ನಡುವೆ ಒಂದು ಕೆಲಸವಿದೆ, ಕಂಬಳಿಯ ಆಯುಸ್ಸು ನಿಲ್ಲುವುದು ಅದರ ಮೇಲೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಕುದಿಸಿ ಗಂಜಿಯಂಥ ಸರಿ ಮಾಡುತ್ತಾರೆ. ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಬಿಸಿಲೇರುವ ಮುಂಚೆ ಆ ಸರಿಯನ್ನು ಕುಂಚದಿಂದ ಸವರುತ್ತಾರೆ. ಎಳೆಗಳು ಒಂದಕ್ಕೊಂದು ಅಂಟದಂತೆ ಕೈಯಾಡಿಸುತ್ತಲೇ ಇರಬೇಕು. ಹೊಸ ಕಂಬಳಿ ಸೆಟೆದುಕೊಂಡು ನಿಲ್ಲುವುದು ಈ ಸರಿಯಿಂದ. ಒಂದೆರಡು ಸಲ ಒಗೆದರೆ ಮೆತ್ತಗಾಗುತ್ತದೆ. ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಹೊಲದಲ್ಲಿ ಹಾಸಿಗೆ, ಪೂಜೆಯಲ್ಲಿ ದೇವರ ಗದ್ದುಗೆ. ಬೀರಪ್ಪನ ಗುಡಿಗೂ ಮೈಲಾರಲಿಂಗನ ಜಾತ್ರೆಗೂ ಕಂಬಳಿಯಿಲ್ಲದೆ ನಡೆಯುವುದಿಲ್ಲ.

ಈಗ ಉಣ್ಣೆಗೆ ಬೆಲೆಯಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಹೊಲದಲ್ಲೇ ಬಿಟ್ಟು ಬರುವವರಿದ್ದಾರೆ. ಮಾಂಸಕ್ಕೆ ಒಳ್ಳೆಯ ಧಾರಣೆ ಇರುವುದರಿಂದ ಉಣ್ಣೆ ಕಡಿಮೆಯಿರುವ ತಳಿಗಳ ಕಡೆ ಕುರಿಗಾಹಿಗಳೇ ಹೊರಳುತ್ತಿದ್ದಾರೆ. ಅವರನ್ನು ದೂರಲಾಗದು. ಇನ್ನೊಂದು ಕಡೆ ಸಂತೆಗಳಲ್ಲಿ ಗಿರಣಿಯ ಕೃತಕ ನೂಲಿನ ಹೊದಿಕೆಗಳೇ ಕಂಬಳಿಯ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಕೊಳ್ಳುವವರಿಗೆ ಒಂದು ಸುಲಭ ಪರೀಕ್ಷೆ: ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್.

ಹಾಗಾದರೆ ಹೋಗುವುದೆಲ್ಲಿಗೆ? ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಆದರೆ ಮೊದಲ ಸಲಕ್ಕೆ ನಾನು ಹೇಳುವುದು ರಾಣೆಬೆನ್ನೂರು. ಯಶವಂತಪುರದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ತಾಲ್ಲೂಕಿನ ಮೇಡ್ಲೇರಿ ಕಂಬಳಿ ನೇಕಾರರ ಊರು. ಅಲ್ಲಿಯೇ ಸುತ್ತಮುತ್ತ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ, 1974ರಲ್ಲಿ ಆದದ್ದು. ಬಯಲಿನ ಪ್ರಾಣಿಗೆಂದು ಮೀಸಲಿಟ್ಟ ಆ ನೆಲದಲ್ಲೂ ನೀಲಗಿರಿ ತೋಪು ಎಬ್ಬಿಸಿದ್ದೇವೆ ಎಂಬುದನ್ನು ಕಣ್ಣಾರೆ ನೋಡಿ. ಮರವಿಲ್ಲದ ನೆಲವೆಂದರೆ ಹಾಳು ನೆಲ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂದು ಅಲ್ಲಿ ತಿಳಿಯುತ್ತದೆ. ದೇವರಗುಡ್ಡ ಅದೇ ತಾಲ್ಲೂಕಿನಲ್ಲಿದೆ, ದಸರೆಯಲ್ಲಿ ಅಲ್ಲಿ ಭವಿಷ್ಯ ನುಡಿಯುವ ಕಾರ್ಣಿಕ. ತುಂಗಭದ್ರೆಯ ಆಚೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಜಾತ್ರೆ. ಮೈಲಾರಲಿಂಗನ ಸೇವಕನಾದ, ಕಂಬಳಿ ತೊಟ್ಟ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದರೆ ಲಕ್ಷಾಂತರ ಜನರ ಬಯಲು ಒಂದೇ ಕ್ಷಣಕ್ಕೆ ಸ್ತಬ್ಧವಾಗುತ್ತದೆ. ಅವನು ನುಡಿಯುವ ಒಂದು ಸಾಲಿಗೆ ಮಳೆ ಬೆಳೆಯ ಅರ್ಥ ಹಚ್ಚಿಕೊಂಡು ಜನ ಊರಿಗೆ ಮರಳುತ್ತಾರೆ. ಎಷ್ಟು ವಿಮಾನ ಹತ್ತಿದರೂ ಅಂಥ ಇನ್ನೊಂದು ಜಾತ್ರೆ ಸಿಗದು.

ಇನ್ನೂ ಒಂದು ದಿನ ಇದ್ದರೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿದ ಕೆರೆ ಅದು. ಮಂಗೋಲಿಯಾ, ಟಿಬೆಟ್ಟಿನ ಕಡೆ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಅಲ್ಲಿ ಬಂದಿಳಿಯುತ್ತವೆ. ಹಕ್ಕಿಗಳಷ್ಟೇ ಅಲ್ಲ, ಮಂಗೋಲಿಯಾದ ಜನರೂ ನಮ್ಮ ಉತ್ತರ ಕರ್ನಾಟಕಕ್ಕೆ ಹೊಸಬರಲ್ಲ. ಮುಂಡಗೋಡದ ಡ್ರೆಪುಂಗ್ ಗೋಮಾಂಗ್ ಬೌದ್ಧ ಮಠದಲ್ಲಿ ಓದುವ ಮಂಗೋಲಿಯಾದ ಭಿಕ್ಷುಗಳಿದ್ದಾರೆ.

ಇಷ್ಟು ದೂರ ಹೋಗಲಾಗದವರಿಗೆ ಪುಟ್ಟೇನಹಳ್ಳಿಯಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿದು ರಾಜಾನುಕುಂಟೆಯಲ್ಲಿ ಎಡಕ್ಕೆ ತಿರುಗಿದರೆ ಹೆಸರಘಟ್ಟದ ಹುಲ್ಲುಗಾವಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಕೊಟ್ಟ ಕೆರೆಯ ಜಲಾನಯನ ಪ್ರದೇಶ. ಮಧ್ಯ ಏಷ್ಯಾದ ಹುಲ್ಲು ಬಯಲಿನಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಚಳಿಗಾಲದಲ್ಲಿ ಇಲ್ಲಿ ಹುಲ್ಲಿನ ಮೇಲೆಯೇ ತೇಲುವಂತೆ ಹಾರಾಡುತ್ತವೆ. ಇದನ್ನು ಸಂರಕ್ಷಿತ ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ತಿರಸ್ಕರಿಸಿದ್ದ ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರಿನಲ್ಲಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಪುಟ್ಟೇನಹಳ್ಳಿ ಕೆರೆಯೂ 2015ರಿಂದ ಪಕ್ಷಿ ಸಂರಕ್ಷಿತ ಮೀಸಲು. ಸುತ್ತ ಕಟ್ಟಡಗಳೆದ್ದರೂ ಬಣ್ಣದ ಕೊಕ್ಕರೆಗಳಿಗೆ ಅಲ್ಲಿ ಜಾಗ ಉಳಿದಿದೆ ಎಂದರೆ ಆ ರಕ್ಷಣೆಗೆ ಬೆಲೆಯಿದೆ.

ಹೆಸರಘಟ್ಟದ ಸುತ್ತಲಿನ ಊರುಗಳ ದನ ಕುರಿ ಇಂದಿಗೂ ಆ ಬಯಲಿನಲ್ಲಿ ಮೇಯುತ್ತವೆ. ಮೀಸಲಾದರೆ ಮೇಯಿಸಲು ಬಿಡುವುದಿಲ್ಲ ಎಂಬ ಭಯ ಅಲ್ಲಿನವರಲ್ಲಿ ಹುಟ್ಟಿತ್ತು. ಸಂರಕ್ಷಿತ ಮೀಸಲು ಎಂಬ ವ್ಯವಸ್ಥೆಯಲ್ಲಿ ಮೇಯಿಸುವುದಕ್ಕೆ ಅಡ್ಡಿಯಿಲ್ಲ, ಅಡ್ಡಿ ಬರಲೂಬಾರದು. ಭಾನುವಾರ ಹುಲ್ಲಿನ ಮೇಲೆ ಜೀಪು, ಬೈಕು ಓಡಿಸಿ ಸಾಹಸ ಎನ್ನುವವರು ಆ ಹುಲ್ಲಿಗೆ ಮಾಡುವ ಕೇಡನ್ನು ಕುರಿ ಮಾಡಿಲ್ಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳು ಆ ಚಕ್ರಗಳಡಿ ಸಿಕ್ಕುತ್ತವೆ. ಅಲ್ಲಿ ಮಾಡಬಹುದಾದ ಸಾಹಸ ನಡೆಯುವುದು: ಬೆಳಗಿನ ಜಾವ, ಜಾಡು ಬಿಡದೆ.

ಮಂಗೋಲಿಯಾದ ಸಂವಿಧಾನ ಮೇವಿನ ನೆಲ ಕಾದಂತೆ ನಮ್ಮ ಕಂದಾಯ ನಿಯಮಗಳಲ್ಲೂ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂಬ ಮಾತಿದೆ. ಆ ಗೋಮಾಳಗಳು ಬಡಾವಣೆಯಾದುವು, ಕೈಗಾರಿಕೆಯಾದುವು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳ ಗೋಡೆಯೊಳಗೆ ಸೇರಿತು. ಹುಲ್ಲು ಬಯಲನ್ನು ಬಂಜರು ಎಂದು ಬರೆದಿಟ್ಟ ಕಾಗದಗಳಿಂದಲೇ ಇದೆಲ್ಲ ಸುಲಭವಾಯಿತು. ಹೊರಗಿನಿಂದ ಜನ ಬಂದು ನೋಡಿ ಹೋಗುವ ಬಯಲನ್ನು ಬಂಜರು ಎಂದು ಬರೆಯುವುದು ಅಷ್ಟು ಸಲೀಸಲ್ಲ. ಪ್ರವಾಸದ ಮೇಲೆ ನನಗಿರುವ ಭರವಸೆ ಇಷ್ಟೇ, ಆದರೆ ಅದು ಸಣ್ಣದಲ್ಲ. ಪ್ರವಾಸೋದ್ಯಮ ಇಲಾಖೆಯೂ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೂ ಕೂಡಿ, ನೇಕಾರರ ಸಂಘಗಳ ಕೈಗೇ ಯಜಮಾನಿಕೆ ಕೊಟ್ಟು, ಮೇಡ್ಲೇರಿಯಂಥ ಊರುಗಳಲ್ಲಿ ನಾಲ್ಕು ಮನೆಗಳ ವಸತಿಯಿಂದ ಆರಂಭಿಸಬಹುದು. ರೆಸಾರ್ಟ್ ಬೇಡ.

ಹೋಗುವವರು ಒಂದಿಷ್ಟು ನೆನಪಿಡಿ. ಹಿಂಡಿನ ಹತ್ತಿರ ಹೋಗುವ ಮೊದಲು ದೂರದಲ್ಲೇ ನಿಂತು "ಅಣ್ಣಾ, ನಾಯಿ ಹಿಡೀರಿ" ಎಂದು ಕೂಗಿ. ಒಲೆಯ ಮುಂದಿನ ಹೆಂಗಸರ, ಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಕೊಟ್ಟ ಚಹಾ ಬೇಡವೆನ್ನಬೇಡಿ, ಮರಳುವಾಗ ಮಕ್ಕಳಿಗೊಂದು ಪೊಟ್ಟಣ ಬೆಲ್ಲವೋ ಬೇಳೆಯೋ ಕೊಟ್ಟು ಬನ್ನಿ. ಕಂಬಳಿಯನ್ನು ನೇಯ್ದವರ ಮನೆಯಲ್ಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಆ ಬೆಲೆಯಲ್ಲಿ ನೂತವಳ ಪಾಲೂ ಇದೆ, ಕುರಿಗಾಹಿಯ ಪಾಲೂ ಇದೆ.