‘ಎ’ ಅಥವಾ ‘ಆ್ಯನ್’: ತೀರ್ಪು ಕಿವಿಯದು

ಇಂಗ್ಲಿಷಿನ ಎ, ಇ, ಐ, ಓ, ಯು ಅಕ್ಷರಗಳ ಮುಂದೆ ‘ಆ್ಯನ್’, ಉಳಿದ ಅಕ್ಷರಗಳ ಮುಂದೆ ‘ಎ’. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಸೂತ್ರ ‘ಯುನಿವರ್ಸಿಟಿ’ ಎದುರಾದ ಕೂಡಲೇ ಕೈಕೊಡುತ್ತದೆ. ಆ ಪದದ ಮೊದಲಕ್ಷರ ‘ಯು’, ಅಂದರೆ ಸ್ವರ. ಆದರೂ ಸರಿಯಾದ ರೂಪ ‘ಎ ಯುನಿವರ್ಸಿಟಿ’. ಗಂಟೆ ಎಂಬರ್ಥದ ‘ಅವರ್’ ಪದ ಬರವಣಿಗೆಯಲ್ಲಿ ‘ಎಚ್’ನಿಂದ ಶುರುವಾಗುತ್ತದೆ, ಆದರೂ ಅದು ‘ಆ್ಯನ್ ಅವರ್’. ಇವನ್ನು ಅಪವಾದಗಳೆಂದು ಕಲಿಸುವುದುಂಟು. ನಿಜಕ್ಕೂ ಇಲ್ಲಿ ಅಪವಾದವೇ ಇಲ್ಲ; ‘ಎ’ ಬೇಕೋ ‘ಆ್ಯನ್’ ಬೇಕೋ ಎಂಬುದನ್ನು ನಿರ್ಧರಿಸುವುದು ಕಾಗುಣಿತವಲ್ಲ, ಉಚ್ಚಾರಣೆ.

ಕನ್ನಡಿಗರಿಗೆ ಇದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಮೊದಲಕ್ಷರ ಸ್ವರವಾದರೆ ‘ಆ್ಯನ್’: ಆನೆಸ್ಟ್, ಎಂಎಲ್‌ಎ, ಎಫ್‌ಐಆರ್. ವ್ಯಂಜನವಾದರೆ ‘ಎ’: ಯುರೋಪಿಯನ್, ಯೂನಿಫಾರ್ಮ್, ವನ್‌ವೇ. ಒಂದೇ ಎಚ್ಚರಿಕೆ ಎಂದರೆ, ನಮ್ಮ ಮಾತಿನ ರೂಢಿಯನ್ನು ಇಂಗ್ಲಿಷಿಗೆ ಹೊರಿಸಬಾರದು. ನಮ್ಮ ಬಾಯಲ್ಲಿ ‘ಎಂಎಲ್‌ಎ’ ಎಷ್ಟೋ ಸಲ ‘ಯಮ್ಮೆಲ್ಲೆ’ ಆಗುತ್ತದೆ. ‘ಹಾಲು’ ‘ಆಲು’ ಆಗುವ ಕಡೆ ‘ಹೌಸ್’ ಕೂಡ ‘ಔಸ್’ ಆದೀತು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಇಂಗ್ಲಿಷಿನ ಶಿಷ್ಟ ಉಚ್ಚಾರಣೆಯನ್ನು.

ಈ ಬಗೆ ಇಂಗ್ಲಿಷಿನದು ಮಾತ್ರವಲ್ಲ. ಒಂದು ಸ್ವರದ ಬೆನ್ನಿಗೇ ಇನ್ನೊಂದು ಸ್ವರ ಬಂದರೆ ಅನೇಕ ಭಾಷೆಗಳು ಅದನ್ನು ಹಾಗೇ ಬಿಡುವುದಿಲ್ಲ. ಕನ್ನಡ ನಡುವೆ ಯಕಾರವನ್ನೋ ವಕಾರವನ್ನೋ ತರುತ್ತದೆ: ಮನೆಯನ್ನು, ಗುರುವನ್ನು. ಇಲ್ಲವೇ ಒಂದು ಸ್ವರವನ್ನು ಕಳೆಯುತ್ತದೆ: ಊರು ಊರು ಸೇರಿ ‘ಊರೂರು’. ಸಂಸ್ಕೃತದ ನಿಷೇಧಾರ್ಥಕ ಪೂರ್ವಪ್ರತ್ಯಯವಂತೂ ಇಂಗ್ಲಿಷಿನ ಈ ಜೋಡಿಯಂತೆಯೇ ನಡೆದುಕೊಳ್ಳುತ್ತದೆ. ವ್ಯಂಜನದ ಮುಂದೆ ‘ಅ’, ಹಾಗಾಗಿ ಅನ್ಯಾಯ, ಅಶಾಂತಿ. ಸ್ವರದ ಮುಂದೆ ‘ಅನ್’, ಹಾಗಾಗಿ ಅನುಚಿತ, ಅನಂತ. ಶಿಷ್ಟ ತಮಿಳಿನಲ್ಲಿ ‘ಒಂದು’ ಎಂಬರ್ಥದ ಪದ ವ್ಯಂಜನದ ಮುಂದೆ ‘ಒರು’, ಸ್ವರದ ಮುಂದೆ ‘ಓರ್’.

ಇಂಗ್ಲಿಷಿನ ‘ಆ್ಯನ್’ ಮೂಲದಲ್ಲಿ ‘ಒಂದು’ ಎಂಬ ಸಂಖ್ಯಾವಾಚಕವೇ. ಹಳೆಯ ಇಂಗ್ಲಿಷಿನ ‘ಆನ್’ ಒತ್ತಿ ಹೇಳಿದಲ್ಲಿ ಇಂದಿನ ‘ವನ್’ ಆಯಿತು, ಒತ್ತಿಲ್ಲದೆ ಹೇಳಿದಲ್ಲಿ ಸವೆದು ‘ಆ್ಯನ್’ ಆಯಿತು. ಮುಂದೆ ಮಧ್ಯಕಾಲದ ಇಂಗ್ಲಿಷಿನಲ್ಲಿ ವ್ಯಂಜನದ ಮುಂದಿನ ನಕಾರ ಬಿದ್ದುಹೋಗಿ ‘ಎ’ ಉಳಿಯಿತು. ಹಾಗಾಗಿ ‘ಎ’ಗೆ ನಕಾರ ಸೇರಿ ‘ಆ್ಯನ್’ ಆದದ್ದಲ್ಲ. ‘ಆ್ಯನ್’ ನಕಾರ ಕಳೆದುಕೊಂಡು ‘ಎ’ ಆದದ್ದು.

ಈ ನಕಾರ ಯಾವ ಪದಕ್ಕೆ ಸೇರಿದ್ದು ಎಂಬ ಗೊಂದಲ ಇಂಗ್ಲಿಷರನ್ನೂ ಬಿಡಲಿಲ್ಲ. ಕ್ರಿಕೆಟ್ಟಿನ ‘ಅಂಪೈರ್’ ಮೊದಲು ನಕಾರದಿಂದಲೇ ಶುರುವಾಗುತ್ತಿತ್ತು. ಅದು ಎರಡೂ ಪಕ್ಷಕ್ಕೆ ಸೇರದ ಮೂರನೆಯವ ಎಂಬರ್ಥದಲ್ಲಿ ಫ್ರೆಂಚಿನಿಂದ ಬಂದ ಪದ. ಅದರ ನಕಾರ ‘ಎ’ಗೆ ಅಂಟಿ ‘ಆ್ಯನ್ ಅಂಪೈರ್’ ಆಯಿತು. ‘ನೇಪ್ರನ್’ ಹೀಗೆಯೇ ‘ಏಪ್ರನ್’ ಆಯಿತು. ‘ನಿಕ್‌ನೇಮ್’ನದು ತಿರುಗುಮುರುಗು: ‘ಆ್ಯನ್’ನ ನಕಾರ ಮುಂದಿನ ಪದಕ್ಕೆ ಅಂಟಿಕೊಂಡಿತು.

ಹಾಗಾದರೆ ಮಿದುಳು ಈ ಆಯ್ಕೆಯನ್ನು ಯಾವಾಗ ಮಾಡುತ್ತದೆ? ಅಮೆರಿಕದ ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಮ್ಕಿನ್ 1971ರಲ್ಲಿ ಜನರ ಬಾಯ್ತಪ್ಪುಗಳನ್ನು ವಿಶ್ಲೇಷಿಸಿದರು. ‘ಆ್ಯನ್ ಈಟಿಂಗ್ ಮ್ಯಾರಥಾನ್’ ಎನ್ನಹೊರಟವರ ಬಾಯಲ್ಲಿ ಮಕಾರ ಜಾಗ ಬದಲಿಸಿ ‘ಎ ಮೀಟಿಂಗ್ ಆ್ಯರಥಾನ್’ ಎಂದಾಯಿತು. ಮಾತು ತಪ್ಪಿತು, ಆದರೆ ‘ಆ್ಯನ್’ ತಾನಾಗಿ ‘ಎ’ ಆಗಿ ವ್ಯಾಕರಣ ಉಳಿಯಿತು. ಅಂದರೆ ಮುಂದಿನ ಧ್ವನಿ ಖಚಿತವಾದ ಮೇಲಷ್ಟೇ ಈ ರೂಪ ನಿರ್ಧಾರವಾಗುತ್ತದೆ.

ಕೇಳುವವರ, ಓದುವವರ ಮಿದುಳಿನ ಕಥೆ ಇನ್ನೂ ಇತ್ಯರ್ಥವಾಗಿಲ್ಲ. ಗಾಳಿಯ ದಿನ ಹುಡುಗನೊಬ್ಬ ಹಾರಿಸಲು ಹೊರಟಿದ್ದಾನೆ ಎಂದು ಓದಿದರೆ ‘ಎ ಕೈಟ್’ ಬರಬಹುದೆಂದು ಎಲ್ಲರೂ ಊಹಿಸುತ್ತಾರೆ. ಅಲ್ಲಿ ‘ಆ್ಯನ್’ ಕಂಡರೆ? ಆ ಕ್ಷಣಕ್ಕೇ ಮಿದುಳಿನ ವಿದ್ಯುತ್ ಅಲೆಯಲ್ಲಿ ವ್ಯತ್ಯಾಸ ಕಾಣುತ್ತದೆಂದು ಸಂಶೋಧಕರಾದ ಡಿಲಾಂಗ್, ಅರ್ಬಾಕ್, ಕುಟಾಸ್ 2005ರಲ್ಲಿ ವರದಿ ಮಾಡಿದರು. ಆದರೆ ಬ್ರಿಟನ್ನಿನ 9 ಪ್ರಯೋಗಾಲಯಗಳು 334 ಜನರ ಮೇಲೆ ಇದೇ ಪ್ರಯೋಗ ನಡೆಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆ. ಅನಿರೀಕ್ಷಿತ ನಾಮಪದಕ್ಕೆ ಮಿದುಳು ಸ್ಪಷ್ಟವಾಗಿ ಪ್ರತಿಕ್ರಿಯಿಸಿತ್ತು. ಅದರ ಹಿಂದಿನ ‘ಎ’, ‘ಆ್ಯನ್’ಗೆ ಅಂಥ ಪ್ರತಿಕ್ರಿಯೆ ದೃಢಪಡಲಿಲ್ಲ.

ಬರೆಯುವಾಗ ಇನ್ನೊಂದು ಸಂಗತಿ ನೆನಪಿರಲಿ: ನೋಡಬೇಕಾದದ್ದು ನಾಮಪದವನ್ನಲ್ಲ, ತಕ್ಷಣ ಮುಂದಿರುವ ಪದವನ್ನು. ‘ಎ ಯುನಿವರ್ಸಿಟಿ’ಗೆ ಹಳೆಯದೆಂಬ ವಿಶೇಷಣ ಸೇರಿದರೆ ‘ಆ್ಯನ್ ಓಲ್ಡ್ ಯುನಿವರ್ಸಿಟಿ’. ‘ಆ್ಯನ್ ಐಡಿಯಾ’ ಉಪಯುಕ್ತವಾದರೆ ‘ಎ ಯೂಸ್‌ಫುಲ್ ಐಡಿಯಾ’. ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳು ಮಕ್ಕಳಿಗೆ ಐದು ಅಕ್ಷರಗಳ ಪಟ್ಟಿ ಕೊಡುವ ಮೊದಲು ಪದವನ್ನು ಗಟ್ಟಿಯಾಗಿ ಹೇಳಿಸಲಿ. ಸಂಧಿ ಬಲ್ಲ ಕನ್ನಡದ ಮಕ್ಕಳಿಗೆ ಉಳಿದದ್ದು ಕಷ್ಟವಲ್ಲ.